ಚಟ್ನಿಪುಡಿ, ಹಪ್ಪಳದ ಉದ್ಯಮ: ಸಾಲ ಮಾಡಿ ಘಟಕ ಹಾಕಬೇಕೇ, ಮನೆಯಿಂದಲೇ ಆರಂಭಿಸಬೇಕೇ?

ಪ್ರಶ್ನೆ: ನಾನು ಮಾಡುವ ಶೇಂಗಾ ಚಟ್ನಿಪುಡಿ ಮತ್ತು ಹಪ್ಪಳವನ್ನು ನೆಂಟರಿಷ್ಟರೆಲ್ಲ ಮೆಚ್ಚಿಕೊಳ್ಳುತ್ತಾರೆ. ಇದನ್ನೇ ಉದ್ಯಮವಾಗಿ ಮಾಡುವ ಆಸೆಯಿದೆ. ಬ್ಯಾಂಕಿನಲ್ಲಿ 10 ಲಕ್ಷ ರೂಪಾಯಿ ಸಾಲ ಪಡೆದು, ಯಂತ್ರಗಳನ್ನು ತಂದು ಒಂದೇ ಸಲಕ್ಕೆ ಘಟಕ ಹಾಕಲೇ ಅಥವಾ ಮನೆಯಲ್ಲೇ ಸಣ್ಣದಾಗಿ ಶುರು ಮಾಡಲೇ?

ಉತ್ತರ: ಸಣ್ಣದಾಗಿಯೇ ಶುರು ಮಾಡಿ. ಆ 10 ಲಕ್ಷ ರೂಪಾಯಿ ನಿಮ್ಮ ಸ್ವಂತ ಹಣವೇ ಆಗಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ. ಯಾವುದೇ ಹೊಸ ಉದ್ಯಮದಲ್ಲಿ ಮೊದಲ ವರ್ಷ ಲೆಕ್ಕ ತಪ್ಪುವುದು, ಸರಕು ಕೆಡುವುದು, ಬೆಲೆ ಹೊಂದದಿರುವುದು ಎಲ್ಲವೂ ಆಗಿಯೇ ಆಗುತ್ತವೆ. ಉದ್ಯಮ ಎಷ್ಟು ದೊಡ್ಡದೋ ಆ ತಪ್ಪುಗಳಿಗೆ ತೆರಬೇಕಾದ ದಂಡವೂ ಅಷ್ಟೇ ದೊಡ್ಡದಾಗಿರುತ್ತದೆ.

ಮೊದಲು ಕಂತಿನ ಲೆಕ್ಕ ನೋಡೋಣ. ಶೇಕಡಾ 11ರ ಬಡ್ಡಿಯಲ್ಲಿ ಐದು ವರ್ಷಕ್ಕೆ 10 ಲಕ್ಷ ರೂಪಾಯಿ ಸಾಲ ಪಡೆದರೆ ತಿಂಗಳ ಕಂತು ಸುಮಾರು 21,700 ರೂಪಾಯಿ ಬರುತ್ತದೆ. ಕಾಲು ಕೆಜಿ ಪೊಟ್ಟಣದ ಮೇಲೆ ಎಲ್ಲ ಖರ್ಚು ಕಳೆದು 20 ರೂಪಾಯಿ ಉಳಿಯುತ್ತದೆ ಎಂದಿಟ್ಟುಕೊಂಡರೂ, ಬರೀ ಕಂತು ಕಟ್ಟುವುದಕ್ಕೇ ತಿಂಗಳಿಗೆ 1,085 ಪೊಟ್ಟಣಗಳು ಮಾರಾಟವಾಗಬೇಕು. ನಿಮ್ಮ ಸರಕಿನ ಹೆಸರನ್ನೇ ಕೇಳದ ಅಂಗಡಿಯವರು ಸಾಮಾನ್ಯವಾಗಿ ಕೈಯಲ್ಲಿ ದುಡ್ಡು ಕೊಟ್ಟು ಕೊಳ್ಳುವುದಿಲ್ಲ; ಇಟ್ಟು ಹೋಗಿ, ಮಾರಿದ ಮೇಲೆ ಹಣ ಕೊಡುತ್ತೇವೆ, ಉಳಿದದ್ದನ್ನು ವಾಪಸ್ ತೆಗೆದುಕೊಂಡು ಹೋಗಿ ಎನ್ನುತ್ತಾರೆ. ಅಂಗಡಿಯ ಹಣ ತಡವಾಗಿ ಬಂದರೂ ಬ್ಯಾಂಕಿನ ಕಂತು ತಡವಾಗುವುದಿಲ್ಲ. ಸಬ್ಸಿಡಿ ಸಿಗುವ ಯೋಜನೆಗಳಿವೆ ನಿಜ, ಆದರೆ ಸಬ್ಸಿಡಿ ಸಾಲದ ಹೊರೆಯನ್ನು ಇಳಿಸಬಹುದೇ ಹೊರತು ಗಿರಾಕಿಗಳನ್ನು ತಂದುಕೊಡಲಾರದು.

ಹಪ್ಪಳದ ವಿಷಯವೇ ಆದ್ದರಿಂದ ಲಿಜ್ಜತ್ ಪಾಪಡ್‌ನ ಆರಂಭವನ್ನು ಸ್ವಲ್ಪ ವಿವರವಾಗಿಯೇ ನೆನೆಯಬೇಕು. 1959ರ ಮಾರ್ಚ್ 15ರಂದು ಮುಂಬೈನ ಗಿರ್‌ಗಾಂವ್‌ನಲ್ಲಿ ಏಳು ಮಹಿಳೆಯರು ಮನೆಯ ತಾರಸಿಯ ಮೇಲೆ ಹಪ್ಪಳ ಲಟ್ಟಿಸಲು ಕುಳಿತರು. ಅವರ ಬಂಡವಾಳ 80 ರೂಪಾಯಿ, ಅದೂ ಸಾಲದ ಹಣ. ಮೊದಲ ದಿನ ತಯಾರಾದದ್ದು ನಾಲ್ಕು ಪೊಟ್ಟಣಗಳು. ಮಳೆಗಾಲ ಬಂದಾಗ ಹಪ್ಪಳ ಒಣಗಿಸಲು ಬಿಸಿಲಿಲ್ಲದೆ ಆ ವರ್ಷ ನಾಲ್ಕು ತಿಂಗಳು ಕೆಲಸವನ್ನೇ ನಿಲ್ಲಿಸಬೇಕಾಯಿತು. ಮರುವರ್ಷ ಅವರು ಒಂದು ಮಂಚ ಮತ್ತು ಒಂದು ಸ್ಟೌವ್ ಕೊಂಡು, ಮಂಚದ ಮೇಲೆ ಹಪ್ಪಳ ಹರವಿ, ಕೆಳಗೆ ಸ್ಟೌವ್ ಹಚ್ಚಿ ಮಳೆಯಲ್ಲೂ ಒಣಗಿಸಿದರು. ಬಾಡಿಗೆ ಕಟ್ಟಡ, ಸಂಬಳದ ಆಳುಗಳು, ತಿಂಗಳ ಕಂತು ಇವೆಲ್ಲ ಇದ್ದಿದ್ದರೆ ನಾಲ್ಕು ತಿಂಗಳ ಆ ಬಿಡುವನ್ನು ತಾಳಿಕೊಂಡು ಉಳಿಯುವುದು ಕಷ್ಟವಿತ್ತು ಎಂದೇ ನನಗೆ ಅನ್ನಿಸುತ್ತದೆ. ಆರಂಭದಲ್ಲಿ ಅಗ್ಗದ್ದೊಂದು, ಉತ್ತಮವಾದದ್ದೊಂದು ಎಂದು ಎರಡು ದರ್ಜೆಯ ಹಪ್ಪಳ ಮಾಡುತ್ತಿದ್ದ ಅವರು, ಹಿತೈಷಿಯೊಬ್ಬರ ಸಲಹೆಯಂತೆ ಒಂದೇ ಗುಣಮಟ್ಟಕ್ಕೆ ಅಂಟಿಕೊಂಡದ್ದೂ ಆ ಮೊದಲ ದಿನಗಳಲ್ಲೇ. ಈಗ ಆ ಸಂಸ್ಥೆಯಲ್ಲಿ 40,000ಕ್ಕೂ ಹೆಚ್ಚು ಮಹಿಳೆಯರು ಸದಸ್ಯರಾಗಿದ್ದಾರೆ. ಇಂದಿಗೂ ಅವರಲ್ಲಿ ಹೆಚ್ಚಿನವರು ಶಾಖೆಯಿಂದ ಹಿಟ್ಟು ಪಡೆದು ತಮ್ಮ ಮನೆಗಳಲ್ಲೇ ಲಟ್ಟಿಸುತ್ತಾರೆ. ಸ್ಥಾಪಕರಲ್ಲಿ ಒಬ್ಬರಾದ ಜಸ್ವಂತಿಬೆನ್ ಜಮ್ನಾದಾಸ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಗೌರವ ಸಂದಿತು.

ನಿಮ್ಮ ಚಟ್ನಿಪುಡಿಯ ಮಟ್ಟಿಗೆ ಮೊದಲ ಪರೀಕ್ಷೆ ಅದು ಎಷ್ಟು ದಿನ ಕೆಡದೆ ಇರುತ್ತದೆ ಎಂಬುದು. ಶೇಂಗಾದಲ್ಲಿ ಎಣ್ಣೆಯಂಶ ಹೆಚ್ಚಾದ್ದರಿಂದ ಗಾಳಿ, ಬಿಸಿಲು ತಾಕಿದರೆ ಬೇಗ ಕಮಟು ವಾಸನೆ ಬರುತ್ತದೆ. ಪ್ರತಿ ಸಲ ಪುಡಿ ಮಾಡಿದಾಗಲೂ ನಾಲ್ಕೈದು ಪೊಟ್ಟಣಗಳ ಮೇಲೆ ದಿನಾಂಕ ಬರೆದು ತೆಗೆದಿಟ್ಟು, ಎರಡು ವಾರಕ್ಕೊಂದರಂತೆ ಒಡೆದು ಮೂಸಿ, ರುಚಿ ನೋಡಿ. 5 ಕೆಜಿ ಪುಡಿಯಲ್ಲಿ ತಿಳಿಯುವ ಈ ಸಂಗತಿಯನ್ನು 5 ಕ್ವಿಂಟಲ್ ಪುಡಿ ಅಂಗಡಿಗಳಿಂದ ವಾಪಸ್ ಬಂದ ಮೇಲೆ ತಿಳಿಯುವಂತಾಗಬಾರದು. ಎರಡನೆಯದಾಗಿ, ನೆಂಟರ ಮೆಚ್ಚುಗೆಯನ್ನು ಮಾರುಕಟ್ಟೆ ಎಂದು ಎಣಿಸಬೇಡಿ. ಪರಿಚಯವೇ ಇಲ್ಲದವರು ಪೂರ್ತಿ ಬೆಲೆ ಕೊಟ್ಟು ಕೊಂಡು, ಖಾಲಿಯಾದ ಮೇಲೆ ತಾವಾಗಿಯೇ ಮತ್ತೆ ಕೇಳಿಕೊಂಡು ಬಂದರೆ ಅದು ಗಿರಾಕಿ. ಪುಡಿ ಮಾಡುವ ಯಂತ್ರವನ್ನು ಈಗಲೇ ಕೊಳ್ಳುವ ಅಗತ್ಯವೂ ಇಲ್ಲ. ಊರಿನ ಗಿರಣಿಯಲ್ಲಿ ಕೆಜಿಗೆ ಇಷ್ಟೆಂದು ಕೊಟ್ಟು ಮಾಡಿಸಿಕೊಳ್ಳಬಹುದು.

ಸಣ್ಣ ಉದ್ಯಮವೆಂದು ಶಿಸ್ತನ್ನು ಮಾತ್ರ ಸಡಿಲ ಬಿಡಬಾರದು. ಮನೆಯಲ್ಲೇ ಮಾಡಿ ಮಾರಿದರೂ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಬೇಕು. ಪೊಟ್ಟಣದ ಮೇಲೆ ತೂಕ, ಬೆಲೆ, ತಯಾರಿಸಿದ ದಿನಾಂಕ, ಬಳಸಿದ ಪದಾರ್ಥಗಳು ಇರಲೇಬೇಕು. ಉದ್ಯಮದ ಹಣಕ್ಕೆ ಬೇರೆ ಬ್ಯಾಂಕ್ ಖಾತೆ ತೆರೆಯಿರಿ. ಮನೆಯಿಂದ ದುಡಿಯುವ ಹೆಣ್ಣುಮಕ್ಕಳು ತಮ್ಮ ದುಡಿಮೆಗೆ ಬೆಲೆಯನ್ನೇ ಹಾಕದೆ, ಶೇಂಗಾ, ಬೆಳ್ಳುಳ್ಳಿ, ಖಾರದಪುಡಿಯ ಖರ್ಚನ್ನಷ್ಟೇ ಲೆಕ್ಕ ಹಿಡಿದು ದರ ಕಟ್ಟುವುದನ್ನು ಕಂಡಾಗಲೆಲ್ಲ ನನಗೆ ಬೇಸರವಾಗುತ್ತದೆ. ಗಂಟೆಗೆ ಇಷ್ಟು ಕೂಲಿ ಎಂದು ಮೊದಲ ದಿನದಿಂದಲೇ ಸೇರಿಸಿ. ಹಾಗೆ ಸೇರಿಸಿದ ದರಕ್ಕೆ ಪುಡಿ ಮಾರಾಟವಾಗದಿದ್ದರೆ, ಮುಂದೆ ಆಳುಗಳನ್ನು ಇಟ್ಟುಕೊಂಡಾಗಲೂ ಅದು ಲಾಭ ತರುವುದಿಲ್ಲ.

ಶೀತಲಗೃಹದಂತಹ ಕೆಲವು ಉದ್ಯಮಗಳನ್ನು ಸಣ್ಣದಾಗಿ ಆರಂಭಿಸಲು ಬರುವುದಿಲ್ಲ ಎಂಬುದು ನಿಜ. ಆದರೆ ನಿಮ್ಮದು ಆ ಬಗೆಯದಲ್ಲ.

ಹಾಗಾದರೆ ಯಂತ್ರ ಕೊಳ್ಳುವುದು ಯಾವಾಗ? ಸತತವಾಗಿ ಮೂರ್ನಾಲ್ಕು ತಿಂಗಳು ಕೈ ಸಾಲದೆ ಆರ್ಡರ್‌ಗಳನ್ನು ಬಿಡಬೇಕಾಗಿ ಬಂದಾಗ, ಅದೂ ಹಬ್ಬದ ಸಮಯದ ಬೇಡಿಕೆಯನ್ನು ಬಿಟ್ಟು ಎಣಿಸಿದಾಗ. ಆಗಲೂ ಎಲ್ಲವನ್ನೂ ಒಟ್ಟಿಗೆ ಕೊಳ್ಳದೆ, ಹುರಿಯುವುದೋ ಪ್ಯಾಕ್ ಮಾಡುವುದೋ, ಯಾವ ಹಂತದಲ್ಲಿ ಕೆಲಸ ಸಿಕ್ಕಿಕೊಳ್ಳುತ್ತಿದೆಯೋ ಅದಕ್ಕೆ ಬೇಕಾದ ಯಂತ್ರವನ್ನಷ್ಟೇ ತನ್ನಿ. ಅದಕ್ಕೆ ಸಣ್ಣ ಉದ್ಯಮಗಳಿಗೆ ಸಾಲ ಕೊಡಿಸುವ ಕೇಂದ್ರ ಸರ್ಕಾರದ ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ ಸಿಗುವ ಸಾಲವೇ ಸಾಕಾಗಬಹುದು. ಅಷ್ಟು ಹೊತ್ತಿಗೆ ನಿಮ್ಮ ಬಳಿ ಒಂದು ವರ್ಷದ ಖರೀದಿ, ಮಾರಾಟದ ಪುಸ್ತಕವಿದ್ದರೆ ಅದನ್ನು ತೆಗೆದುಕೊಂಡೇ ಬ್ಯಾಂಕಿಗೆ ಹೋಗಿ.