ತಾಮ್ರ ಸೋಲುವ ಕಡೆ ಬೆಳಕು

ಸುರತ್ಕಲ್, ಮಣಿಪಾಲದ ಕಾಲೇಜುಗಳಿಂದ ಇಂಟರ್ನ್‌ಶಿಪ್‌ಗೆ ಬರುವ ಹುಡುಗರು ಹೆಚ್ಚಾಗಿ ಕೇಳುವುದು ಇದನ್ನೇ: "ಸರ್, ಬೆಳಕು ಕರೆಂಟಿಗಿಂತ ಜೋರಾಗಿ ಓಡುತ್ತದೆ. ಸರ್ಕ್ಯೂಟ್ ಬೋರ್ಡಿನಲ್ಲಿ ಬೆಳಕು ಬಳಸುವುದು ಅದಕ್ಕೇ ಅಲ್ವಾ?"

ಓಟದ ವ್ಯತ್ಯಾಸ ಅಷ್ಟೇನೂ ದೊಡ್ಡದಲ್ಲ. ಎಫ್‌ಆರ್-4 (ಗಾಜಿನ ನಾರು, ಎಪಾಕ್ಸಿ ಅಂಟಿನ) ಬೋರ್ಡಿನ ತಾಮ್ರದ ಟ್ರೇಸಿನಲ್ಲಿ (ತಂತಿಯಂಥ ಗೆರೆ) ಸಿಗ್ನಲ್ ಒಂದು ಮೀಟರ್ ದಾಟಲು ಸುಮಾರು 7 ನ್ಯಾನೋಸೆಕೆಂಡ್ ಬೇಕು. ಪಾಲಿಮರ್ ವೇವ್‌ಗೈಡಿನಲ್ಲಿ (ಬೆಳಕು ಹರಿಯುವ ಪ್ಲಾಸ್ಟಿಕ್ ದಾರಿ) ಬೆಳಕಿಗೆ ಸುಮಾರು 5 ಸಾಕು. ಇಷ್ಟಕ್ಕಾಗಿ ಯಾರೂ ಬೋರ್ಡನ್ನೇ ಬದಲಾಯಿಸುವುದಿಲ್ಲ.

ತೊಂದರೆ ಇರುವುದು ಬೇರೆ ಕಡೆ. ಫ್ರೀಕ್ವೆನ್ಸಿ ಏರಿದಂತೆ ತಾಮ್ರದಲ್ಲಿ ಸಿಗ್ನಲ್ ಸೊರಗುತ್ತದೆ. ಒಂದು ಲೇನಿನಲ್ಲಿ (ಒಂದು ಸಿಗ್ನಲ್ ದಾರಿಯಲ್ಲಿ) ಸೆಕೆಂಡಿಗೆ 112 ಗಿಗಾಬಿಟ್ ಕಳಿಸಬೇಕಾದರೆ, ಒಂದು ಸಲಕ್ಕೆ ಎರಡು ಬಿಟ್ ಕಳಿಸುವ ಪ್ಯಾಮ್-4 ವಿಧಾನ ಬಳಸಿದರೂ ಸುಮಾರು 28 ಗಿಗಾಹರ್ಟ್ಸ್ ಮುಟ್ಟಬೇಕು. ಅಲ್ಲಿ ಕರೆಂಟು ಹೆಚ್ಚಾಗಿ ತಾಮ್ರದ ಹೊರಮೈಯ 0.4 ಮೈಕ್ರೋಮೀಟರ್ ಪದರದಲ್ಲೇ ಹರಿಯುತ್ತದೆ. ಫಾಯಿಲ್ 35 ಮೈಕ್ರೋಮೀಟರ್ ದಪ್ಪ ಇದ್ದರೂ ಒಳಗಿನದ್ದೆಲ್ಲ ಸುಮ್ನೆ. ಹೊರಮೈ ಒರಟಾಗಿದ್ದರೆ ನಷ್ಟ ಇನ್ನೂ ಜಾಸ್ತಿ. ಬೋರ್ಡಿನ ಎಪಾಕ್ಸಿಯೂ ತನ್ನ ಪಾಲು ನುಂಗುತ್ತದೆ. ಆಗ ದಾರಿ ಮಧ್ಯೆ ಸಿಗ್ನಲನ್ನು ಮತ್ತೆ ಸರಿಪಡಿಸಿ ಕಳಿಸುವ ರೀಟೈಮರ್ ಚಿಪ್ ಕೂರಿಸಬೇಕು. ಅದಕ್ಕೆ ಪವರ್ ಬೇಕು, ಅದರ ಬಿಸಿ ಬೇರೆ.

ವೇವ್‌ಗೈಡಿನಲ್ಲಿ ಹಾಗಲ್ಲ. ಬಿಟ್‌ಗಳ ವೇಗ ಏರಿಸಿದರೂ ಬೆಳಕಿನ ನಷ್ಟ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಒಂದೇ ದಾರಿಯಲ್ಲಿ ಹಲವು ತರಂಗಾಂತರಗಳನ್ನು ಒಟ್ಟಿಗೆ ಕಳಿಸಲೂಬಹುದು.

ಹಾಗಾದರೆ ಎಲ್ಲ ಬೋರ್ಡಿಗೂ ಇದು ಯಾಕೆ ಬಂದಿಲ್ಲ? ಕಷ್ಟ ಇರುವುದು ಬೆಳಕನ್ನು ಒಳಗೆ ಬಿಡುವ, ಹೊರಗೆ ತೆಗೆಯುವ ಜಾಗದಲ್ಲಿ. ಬೋರ್ಡಿನ ಮೇಲೆ ಕೂತ ವಿಕ್ಸೆಲ್ (ಮೇಲ್ಮೈಯಿಂದ ನೇರ ಬೆಳಕು ಚಿಮ್ಮಿಸುವ ಚಿಕ್ಕ) ಲೇಸರಿನ ಬೆಳಕನ್ನು 45 ಡಿಗ್ರಿ ಕನ್ನಡಿಯಿಂದ ತಿರುಗಿಸಿ ಸುಮಾರು 50 ಮೈಕ್ರೋಮೀಟರಿನ ವೇವ್‌ಗೈಡಿಗೆ ಹಾಯಿಸಬೇಕು. ಬೇರೆ ದಾರಿಗಳು ಇನ್ನೂ ಸಣ್ಣ: ಸಿಂಗಲ್ ಮೋಡ್ (ಬೆಳಕು ಒಂದೇ ರೀತಿಯಲ್ಲಿ ಸಾಗುವ) ಫೈಬರಿನ ಕೋರ್ (ಬೆಳಕು ಹರಿಯುವ ನಡುಭಾಗ) ಬರೀ 9 ಮೈಕ್ರೋಮೀಟರ್. ಚಿಪ್ಪಿನೊಳಗಿನ ಸಿಲಿಕಾನ್ ವೇವ್‌ಗೈಡ್ ಅಗಲ ಅರ್ಧ ಮೈಕ್ರೋಮೀಟರ್ ಅಷ್ಟೇ. ಬಿಡಿಭಾಗ ಬೆಸೆಯುವ ರೀಫ್ಲೋ ಓವನ್ನಿನ 250 ಡಿಗ್ರಿ ಆಸುಪಾಸಿನ ಬಿಸಿಗೆ ಬೋರ್ಡ್ ಸ್ವಲ್ಪ ಬಾಗಿದರೂ ಈ ಜೋಡಣೆ ತಪ್ಪುತ್ತದೆ. ಇನ್ನೊಂದು ಪೇಚೂ ಇದೆ. ಪಾಲಿಮರಿಗೆ ಒಗ್ಗುವುದು 850 ನ್ಯಾನೋಮೀಟರಿನ ಬೆಳಕು. ಸಿಲಿಕಾನ್ ಅದನ್ನು ಹೀರಿಬಿಡುತ್ತದೆ, ಅದಕ್ಕೆ 1310 ಅಥವಾ 1550 ಬೇಕು. 1550ರಲ್ಲಿ ಸಾಮಾನ್ಯ ಪಾಲಿಮರಿನ ನಷ್ಟ ತುಂಬ ಏರುತ್ತದೆ.

ಅದಕ್ಕೇ ದೊಡ್ಡ ಕಂಪನಿಗಳು ಸದ್ಯ ಬೋರ್ಡಿನೊಳಗೆ ಬೆಳಕು ಹರಿಸುವ ಬದಲು ಡೇಟಾವನ್ನು ಅತ್ತಿತ್ತ ಹಂಚುವ ಸ್ವಿಚ್ ಚಿಪ್ಪಿನ ಪಕ್ಕದಲ್ಲೇ, ಅದೇ ಪ್ಯಾಕೇಜಿನಲ್ಲಿ ಆಪ್ಟಿಕ್ಸ್ (ಬೆಳಕಿನ ಭಾಗಗಳು) ಕೂರಿಸುತ್ತಿವೆ. ಎನ್‌ವಿಡಿಯಾ 2025ರ ಮಾರ್ಚಿನಲ್ಲಿ ಇಂಥ ಸ್ವಿಚ್‌ಗಳನ್ನು ಘೋಷಿಸಿತು. ಬಿಸಿಗೆ ಲೇಸರಿನ ಆಯುಸ್ಸು ಕುಗ್ಗುವುದರಿಂದ ಅದನ್ನು ಚಿಪ್ಪಿನಿಂದ ದೂರ, ಬೇಕಾದಾಗ ತೆಗೆದು ಬದಲಿಸುವಂತೆ ಇಡುತ್ತಾರೆ. ನನಗೆ ಇದೇ ಸರಿಯಾದ ದಾರಿ ಅನಿಸುತ್ತದೆ. ಪವರ್ ಕೊಡಲು, ಚಿಪ್ಪಿನ ಆಸುಪಾಸಿನ ಗಿಡ್ಡ ದೂರಕ್ಕೆ ತಾಮ್ರ ಇದ್ದೇ ಇರುತ್ತದೆ.

ನಮ್ಮ ಕರಾವಳಿಯಲ್ಲಿ ಈ ಕೆಲಸಕ್ಕೆ ಇಳಿಯುವವರು ತೇವ, ಧೂಳಿನ ಬಗ್ಗೆ ಹೆಚ್ಚು ಎಚ್ಚರ ಇಟ್ಟುಕೊಳ್ಳಬೇಕು. ತೇವ ಹೀರಿದ ಪಾಲಿಮರಿನ ವಕ್ರೀಭವನ ಸೂಚ್ಯಂಕ ಬದಲಾಗುತ್ತದೆ. 9 ಮೈಕ್ರೋಮೀಟರಿನ ಕೋರಿಗೆ ಒಂದು ಧೂಳಿನ ಕಣ ಅಡ್ಡ ಬಂದರೂ ಸಾಕು, ಲಿಂಕ್ ಬೀಳಬಹುದು. ಮಳೆಗಾಲದಲ್ಲಿ ಲ್ಯಾಬಿನ ಡಿಹ್ಯುಮಿಡಿಫೈಯರ್ ಓಡುತ್ತಿರಲಿ. ಕನೆಕ್ಟರ್ ಸಿಕ್ಕಿಸುವ ಮೊದಲು ಪ್ರತಿ ಸಲವೂ ಅದರ ತುದಿಯನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ, ಒರೆಸಿ, ಮತ್ತೆ ನೋಡಿ.