ಚಮಚ ಯಾಕೆ ಹತ್ತು ಸಲ ಬೀಳುತ್ತದೆ?

ವರ್ಷ ತುಂಬಿದ ಮಗುವನ್ನು ಕುರ್ಚಿ ಮೇಲೆ ಕೂರಿಸಿ ಊಟ ಮಾಡಿಸುತ್ತಿದ್ದೀರಿ. ಚಮಚ ಕೆಳಗೆ ಬೀಳುತ್ತದೆ. ಎತ್ತಿ ಕೊಡುತ್ತೀರಿ. ಮತ್ತೆ ಬೀಳುತ್ತದೆ, ಈ ಸಲ ಕೈ ಸ್ವಲ್ಪ ಪಕ್ಕಕ್ಕೆ ಚಾಚಿ ಬಿಟ್ಟಿದ್ದು. ಮಗು ಬಗ್ಗಿ ನೆಲ ನೋಡುತ್ತದೆ, ಆಮೇಲೆ ತಲೆಯೆತ್ತಿ ನಿಮ್ಮ ಮುಖ ನೋಡುತ್ತದೆ. ನಾಲ್ಕನೇ ಸಲಕ್ಕೆ ನಿಮಗೆ ರೇಗುತ್ತದೆ. "ಬೇಕಂತಲೇ ಮಾಡ್ತಿದೆ ನೋಡು!"

ಹೌದು, ಬೇಕಂತಲೇ. ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ತಮ್ಮ ಮೂವರು ಮಕ್ಕಳ ಇಂಥ ಆಟಗಳನ್ನೇ ನೋಡಿ ನೋಡಿ ಬರೆದಿಟ್ಟವರು. ಸುಮಾರು 12ರಿಂದ 18 ತಿಂಗಳ ಮಗು ಮಾಡಿದ್ದನ್ನೇ ಮಾಡುತ್ತದೆ, ಆದರೆ ಪ್ರತಿ ಸಲ ಒಂಚೂರು ಬದಲಿಸಿ ಎಂದರು ಅವರು. ಮೇಲಿಂದ ಬಿಟ್ಟರೆ ಸದ್ದು ಜಾಸ್ತಿಯಾ? ಪಕ್ಕಕ್ಕೆ ಬಿಟ್ಟರೆ ಎಲ್ಲಿ ಹೋಗುತ್ತದೆ? ಇದು ಪ್ರಯೋಗ. ನಿಮ್ಮ ಮುಖ ನೋಡಿದ್ದೂ ಅದರಲ್ಲೇ ಸೇರಿದೆ ಅಂತ ನನಗನ್ನಿಸುತ್ತದೆ. ಚಮಚದ ಜೊತೆ ನಿಮ್ಮ ಮೇಲೂ ಪರೀಕ್ಷೆ ನಡೆದಿರುತ್ತದೆ.

ನಡೆಯುವುದನ್ನು ಕಲಿಯುವುದೂ ಹೀಗೇ. ಅಮೆರಿಕದ ಸಂಶೋಧಕಿ ಕ್ಯಾರೆನ್ ಅಡಾಲ್ಫ್ ಮತ್ತು ಜೊತೆಗಾರರು 12ರಿಂದ 19 ತಿಂಗಳ ಮಕ್ಕಳನ್ನು ಸುಮ್ನೆ ಆಡಲು ಬಿಟ್ಟು ಎಣಿಸಿದರು. 2012ರಲ್ಲಿ ಪ್ರಕಟವಾದ ಲೆಕ್ಕ ಇದು: ಗಂಟೆಗೆ ಸರಾಸರಿ 2,368 ಹೆಜ್ಜೆ, 17 ಸಲ ಬೀಳುವುದು. ನಾವು ನೀವು ಗಂಟೆಗೆ ಹದಿನೇಳು ಸಲ ಬಿದ್ದಿದ್ದರೆ ಮರುದಿನ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಮಗು ಎದ್ದು ಮತ್ತೆ ಹೊರಡುತ್ತದೆ. ಹಾಗಾಗಿ ಮೂಲೆ ಚೂಪಾದ ಮೇಜನ್ನು ಪಕ್ಕಕ್ಕೆ ಸರಿಸಿ, ಮೆಟ್ಟಿಲಿಗೆ ಅಡ್ಡ ಹಾಕಿ, ಬೀಳಲು ಬಿಡಿ.

"ಅವರ ಮಗು ಆಗಲೇ ಓಡ್ತಿದೆ, ನಮ್ಮದು ಇನ್ನೂ ಗೋಡೆ ಹಿಡ್ಕೊಂಡೇ ಇದೆ" ಎನ್ನುವ ಚಿಂತೆ ಎಲ್ಲ ಮನೆಯಲ್ಲೂ ಇದ್ದದ್ದೇ. ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನದಲ್ಲಿ ಆರೋಗ್ಯವಂತ ಮಕ್ಕಳು ಆಸರೆಯಿಲ್ಲದೆ ನಡೆದ ವಯಸ್ಸಿನ ವ್ಯಾಪ್ತಿ 8.2 ತಿಂಗಳಿಂದ 17.6 ತಿಂಗಳವರೆಗೆ ಇತ್ತು. ಒಂಬತ್ತು ತಿಂಗಳಿಗಿಂತ ಜಾಸ್ತಿ ಅಂತರ! ಆದರೆ 18 ತಿಂಗಳಾದರೂ ನಡೆಯದಿದ್ದರೆ, ಬೆರಳು ಮಾಡಿ ಏನನ್ನೂ ತೋರಿಸದಿದ್ದರೆ, ಅಥವಾ ಬರುತ್ತಿದ್ದ ಮಾತು ನಿಂತುಹೋದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಕಾಯಬೇಡಿ.

ಬೆರಳು ಮಾಡುವುದು ಅಷ್ಟು ದೊಡ್ಡ ವಿಷಯವೇ? ಮಾತಿಗಿಂತ ಮುಂಚಿನ ಮಾತು ಅದು. ಬೀದಿಯಲ್ಲಿ ನಾಯಿ ಕಂಡು ಮಗು "ಆ!" ಎಂದು ಕೈ ತೋರಿಸುತ್ತದೆ. ಅದಕ್ಕೆ ನಾಯಿ ಬೇಕಾಗಿಲ್ಲ, ನೀವೂ ನೋಡಬೇಕು ಅಷ್ಟೇ. "ಹೌದು, ನಾಯಿ. ಮಲಗಿದೆ ಅಲ್ವಾ?" ಎಂದರೆ, ಮಗುವಿನ ಗಮನ ಎಲ್ಲಿದೆಯೋ ಅಲ್ಲಿಗೇ ಪದ ಹೋಗಿ ಕೂರುತ್ತದೆ. ಆಡುವ ಪದ ನಾಲ್ಕೇ ಇದ್ದರೂ ತಿಳಿಯುವ ಪದಗಳು ಅದರ ಎಷ್ಟೋ ಪಟ್ಟು ಇರುತ್ತವೆ. ಮೊಬೈಲಿನ ವಿಡಿಯೊ ಹೀಗೆ ಬೆರಳಿನ ಹಿಂದೆ ಹೋಗುವುದಿಲ್ಲ. ಎರಡು ವರ್ಷದ ಒಳಗಿನ ಮಕ್ಕಳಿಗೆ ಪರದೆ ಬೇಡ ಎಂದೇ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು.

ಮತ್ತೆ ಆ ಮುಖ ನೋಡುವ ವಿಷಯಕ್ಕೆ ಬರೋಣ. 1997ರಲ್ಲಿ ಮನೋವಿಜ್ಞಾನಿಗಳಾದ ಬೆಟಿ ರೆಪಾಕೋಲಿ ಮತ್ತು ಆಲಿಸನ್ ಗಾಪ್ನಿಕ್ ಒಂದು ಚಂದದ ಪ್ರಯೋಗ ಪ್ರಕಟಿಸಿದರು. ಮಕ್ಕಳ ಮುಂದೆ ಎರಡು ಬಟ್ಟಲು: ಒಂದರಲ್ಲಿ ಬಿಸ್ಕತ್ತು, ಇನ್ನೊಂದರಲ್ಲಿ ಹಸಿ ಬ್ರೊಕೊಲಿ. ಪ್ರಯೋಗ ಮಾಡುವವರು ಬಿಸ್ಕತ್ತು ತಿಂದು ಮುಖ ಕಿವುಚಿದರು, ಬ್ರೊಕೊಲಿ ತಿಂದು "ಆಹಾ" ಎಂದರು. ಆಮೇಲೆ ಕೈ ಚಾಚಿ "ನನಗೂ ಸ್ವಲ್ಪ ಕೊಡು" ಎಂದು ಕೇಳಿದರು. 18 ತಿಂಗಳ ಮಕ್ಕಳು ಹೆಚ್ಚಾಗಿ ಬ್ರೊಕೊಲಿ ಕೊಟ್ಟವು. 14 ತಿಂಗಳವು ತಮಗೆ ಇಷ್ಟವಾದ ಬಿಸ್ಕತ್ತನ್ನೇ ಕೊಟ್ಟವು. ಇನ್ನೊಬ್ಬರಿಗೆ ಬೇರೆ ರುಚಿ ಇರಬಹುದು ಎಂಬುದು ಅವಕ್ಕಿನ್ನೂ ಹೊಳೆದಿರಲಿಲ್ಲ.

ಆ ವಯಸ್ಸಿನ ಮಗು ತಾನು ಅರ್ಧ ಚೀಪಿದ, ಜೊಲ್ಲು ಮೆತ್ತಿದ ಬಿಸ್ಕತ್ತನ್ನು ನಿಮ್ಮ ಬಾಯಿಗೆ ತುರುಕಿದರೆ, ಅದು ತನಗೆ ಗೊತ್ತಿರುವುದರಲ್ಲೇ ಚೆನ್ನಾಗಿರುವುದನ್ನು ನಿಮಗೆ ಕೊಡುತ್ತಿದೆ.