ಪಾರೆಯ ಗಿಡಗಳ ಲೆಕ್ಕ ಮಳೆಗಾಲದಲ್ಲೇ ಆಗಬೇಕು

ಕಾಸರಗೋಡಿನ ಪಾರೆಗಳನ್ನು, ಅಂದರೆ ಮುರಕಲ್ಲಿನ ಬಯಲು ಪದವುಗಳನ್ನು, ಮಾರ್ಚಿನಲ್ಲಿ ನೋಡಿದವರು ‘ಇಲ್ಲೇನೂ ಇಲ್ಲ’ ಎಂದೇ ಬರೆದಾರು. ಕಪ್ಪಾದ ಬಂಡೆ, ಒಣಹುಲ್ಲು, ಅಷ್ಟೆ. ಆಗಸ್ಟಿನಲ್ಲಿ ಅದೇ ಬಂಡೆಯ ಮೇಲೆ ಎರಿಯೊಕಾಲನ್‌ನ ಬಿಳಿ ಗುಂಡಿಯಂಥ ಹೂಗೊಂಚಲು, ಯುಟ್ರಿಕುಲೇರಿಯದ ನೀಲಿ ಹಾಸು. ಬಂಡೆ ಕಾಯತೊಡಗಿದರೆ ಬೀಜ ಉದುರಿಸಿ ಮಾಯ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪಂಚಾಯತಿನ ಜೀವವೈವಿಧ್ಯ ಸಮಿತಿ ಊರಿನ ಜೀವಜಾತಿಗಳನ್ನು ಬರೆದಿಡುವ ಜನತಾ ಜೀವವೈವಿಧ್ಯ ದಾಖಲೆ ತಯಾರಿಸಬೇಕು. ಅದನ್ನು ಬೇಸಿಗೆಯ ಒಂದೇ ಸುತ್ತಿನಲ್ಲಿ ತುಂಬಿಸಿದರೆ ಈ ಗಿಡಗಳು ಪುಸ್ತಕಕ್ಕೆ ಬರುವುದೇ ಇಲ್ಲ. ನಾಳೆ ಅಲ್ಲಿ ಕಲ್ಲುಕೋರೆಗೆ ಅರ್ಜಿ ಬಿದ್ದಾಗ ಆಕ್ಷೇಪಕ್ಕೆ ಆಧಾರವೂ ಇರುವುದಿಲ್ಲ.

ನಾಲ್ಕು ಸುತ್ತು ಬೇಕು: ಜೂನ್ ಕೊನೆ, ಆಗಸ್ಟ್ ನಡು, ಅಕ್ಟೋಬರ್ ಆರಂಭ, ಡಿಸೆಂಬರ್. ಡಿಸೆಂಬರ್ ಯಾಕೆಂದರೆ ಪಾರೆಯ ಲೆಪಿಡಗ್ಯಾಥಿಸ್ ಕುಲದ ಗಿಡಗಳು ಮಳೆ ಬಿಟ್ಟ ಮೇಲೆ ಹೂ ಬಿಡುವಂಥವು. ಇದೇ ಜಿಲ್ಲೆಯ ಅನಂತಪುರದ ಹೆಸರು ಹೊತ್ತ ಲೆಪಿಡಗ್ಯಾಥಿಸ್ ಅನಂತಪುರಮೆನ್ಸಿಸ್ ಈ ಕುಲದ್ದೇ.

ಎಣಿಕೆಗೆ ಒಂದು ಮೀಟರಿನ ನಾಲ್ಕು ಪಿವಿಸಿ ಪೈಪು, ನಾಲ್ಕು ಎಲ್ಬೋ ಸಾಕು. ಜೋಡಿಸಿದ ಚೌಕಕ್ಕೆ ಹತ್ತು ಸೆಂಟಿಮೀಟರಿಗೊಂದು ದಾರ ಬಿಗಿದರೆ ನೂರು ಮನೆ. ಗಿಡ ದಟ್ಟವಾಗಿದ್ದರೆ ಮೊದಲೇ ಚೀಟಿ ಎತ್ತಿ ಗುರುತಿಸಿಕೊಂಡ ಹತ್ತು ಮನೆಗಳನ್ನಷ್ಟೇ ಎಣಿಸಿ ಹತ್ತರಿಂದ ಗುಣಿಸಿ. ಅಲ್ಲಿ ನಿಂತು ಆರಿಸಿದರೆ ಕಣ್ಣು ಹೂವಿದ್ದಲ್ಲಿಗೇ ಓಡುತ್ತದೆ. ತೆಳುಮಣ್ಣು, ನೀರು ನಿಲ್ಲುವ ಪಳ್ಳದ ಅಂಚು, ಕಲ್ಲಿನ ಬಿರುಕು, ಮೂರರಲ್ಲೂ ಐದೈದು ಚೌಕ ಇರಲಿ.

ಹೆಚ್ಚಿನ ಕೆಲಸ ಕೆಡುವುದು ಚೌಕದ ಜಾಗದ ಗುರುತಿನಲ್ಲಿ. ಬಣ್ಣದ ಗುರುತನ್ನು ಒಂದೆರಡು ಮಳೆಗಾಲದಲ್ಲಿ ಪಾಚಿ ಮುಚ್ಚುತ್ತದೆ. ಮೊಬೈಲಿನ ಜಿಪಿಎಸ್ ನಾಲ್ಕಾರು ಮೀಟರ್ ತಪ್ಪಿದರೆ ಒಂದು ಮೀಟರಿನ ಚೌಕ ಸಿಗುವುದೆಲ್ಲಿ? ಎರಡು ಎದುರು ಮೂಲೆಗೆ ತುಕ್ಕು ಹಿಡಿಯದ ಸ್ಕ್ರೂ ಕೂರಿಸಿ, ಎರಡು ದೊಡ್ಡ ಬಂಡೆಗಳಿಂದ ಟೇಪಿನ ಅಳತೆ ಬರೆದಿಡಿ. ಫೋಟೋವನ್ನು ಪ್ರತಿ ಸಲ ಒಂದೇ ಮೂಲೆಯಿಂದ ತೆಗೆಯಿರಿ.

ಎರಿಯೊಕಾಲನ್‌ನ ಒಂದು ಬುಡದಿಂದ ಹತ್ತಾರು ಕಡ್ಡಿ ಏಳುತ್ತವೆ. ಕಡ್ಡಿ ಎಣಿಸಿ ಗಿಡ ಎಂದು ಬರೆದರೆ ಲೆಕ್ಕ ಹತ್ತು ಪಟ್ಟು ಉಬ್ಬಿತು. ಎಲೆ ನೋಡಿ ಜಾತಿ ಹೇಳಲಾಗದು. ಸೂಕ್ಷ್ಮ ಹೂವು, ಬೀಜ ಎರಡನ್ನೂ ಪರೀಕ್ಷಿಸಬೇಕು. ಸಂಶಯವಿದ್ದಲ್ಲಿ ಕುಲದ ಹೆಸರಷ್ಟೇ ಬರೆಯಿರಿ. ಗಿಡ ಕಾಣದ ಚೌಕಕ್ಕೆ ಸೊನ್ನೆ ಹಾಕಿ, ಖಾಲಿ ಬಿಡಬೇಡಿ: ಖಾಲಿ ಎಂದರೆ ಯಾರೂ ಹೋಗಲಿಲ್ಲ ಎಂದರ್ಥ. ಒಂದೇ ವರ್ಷ ಬದುಕುವ ಗಿಡಗಳು ಮಳೆಯೊಂದಿಗೆ ಏರಿಳಿಯುತ್ತವೆ, ಎರಡು ವರ್ಷದ ಅಂಕಿ ಹಿಡಿದು ‘ಅಳಿಯಿತು’ ಎನ್ನುವುದು ಅವಸರ.

2023ರಲ್ಲಿ ಜಿಲ್ಲೆಯ ಹೂವೆನಿಸಿದ ಪೆರಿಯ ಪೊಳತ್ತಾಳಿ, ಅಂದರೆ ಕ್ರೈನಂ ಮಲಬಾರಿಕಂ, ತೋಡಿನ, ಎಂದರೆ ಸಣ್ಣ ತೊರೆಯ, ಗಿಡ. ಸಸ್ಯಶಾಸ್ತ್ರಕ್ಕೆ ಅದರ ಪರಿಚಯವಾದದ್ದೇ 2012ರಲ್ಲಿ. ಇದಕ್ಕೆ ಚೌಕ ಒಗ್ಗದು. ತೋಡನ್ನು ಹತ್ತು ಹತ್ತು ಮೀಟರಾಗಿ ಭಾಗಿಸಿ, ನೀರಿನ ಸೆಳೆತ ಇಳಿದ ದಿನ ದಡದಿಂದ ಬುಡ ಬೇರೆ, ಹೂದಂಡು ಬೇರೆ ಎಣಿಸಿ. ಗೆಡ್ಡೆ ಕೀಳಬಾರದು. ತೋಡಿನ ಮೇಲ್ಭಾಗದಲ್ಲಿ ನೀರು ತಡೆಯುವ ಕಟ್ಟ ಕಟ್ಟುವ ಯೋಜನೆಯಿದ್ದರೆ ಕೆಲಸಕ್ಕೆ ಮುಂಚೆ ಒಂದು ಮಳೆಗಾಲದ ಲೆಕ್ಕ ಕೈಯಲ್ಲಿರಲಿ, ಹರಿವು ಬದಲಾದರೆ ಗಿಡದ ನೆಲೆಯೇ ಬದಲಾಗುತ್ತದೆ.

ಪಾರೆಯಲ್ಲಿ ಹೊಂಡ ತೋಡಿ ಅಕೇಶಿಯಾ ನೆಡುವುದನ್ನು ದಯವಿಟ್ಟು ನಿಲ್ಲಿಸಿ. ಬಿಸಿಲು ಬೇಡುವ ಈ ಪುಟ್ಟ ಗಿಡಗಳು ಅದರ ನೆರಳಿನಲ್ಲಿ, ಉದುರಿದ ಎಲೆಯಡಿಯಲ್ಲಿ ಉಸಿರುಗಟ್ಟುತ್ತವೆ. ಸರಕಾರಿ ಕಾಗದದಲ್ಲಿ ‘ಪಾಳು’ ಎಂದಿರುವ ಜಾಗವನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸುವಂತೆ ಕೇಳಲು ಕಾಯ್ದೆಯ 37ನೇ ಕಲಮಿನಲ್ಲಿ ಅವಕಾಶವಿದೆ. ಅರ್ಜಿಯ ಜೊತೆ ಚೌಕಗಳ ಲೆಕ್ಕ, ಫೋಟೋ ಲಗತ್ತಿಸಿ. ಅಪರೂಪದ ಗಿಡವಿರುವ ನಿಖರ ಜಾಗ ಮಾತ್ರ ಸಮಿತಿಯ ಕಡತದಲ್ಲಿರಲಿ, ಊರಿಗೆಲ್ಲ ಹಂಚುವ ಪ್ರತಿಯಲ್ಲಿ ವಾರ್ಡಿನ ಹೆಸರು ಸಾಕು.